ಮೂಲೆ ಹಿಡಿದ ಶಿಕಾರಿ ರೈಫಲಿಗೆ ಬೆಲೆ ಕಟ್ಟುವುದು ಹೇಗೆ?

ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಹಳ್ಳಿಗಳ ಹಳೆಯ ವಾಡೆಗಳಲ್ಲಿ, ಪಾಟೀಲ, ದೇಶಮುಖ ಮನೆತನಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ರೈಫಲ್ ಉಳಿದಿದೆ. ಅಜ್ಜನೋ ದೊಡ್ಡಪ್ಪನೋ ಶೌಕಿಗೆ ಕೊಂಡದ್ದು. ದಸರೆಗೆ ಹೊರಗೆ ತೆಗೆದು ಕುಂಕುಮ ಹಚ್ಚಿ ಪೂಜೆ ಮಾಡಿ ಮತ್ತೆ ಕಪಾಟಿಗೆ ಸೇರಿಸಿದರೆ ಮುಂದಿನ ದಸರೆಯ ತನಕ ಅದರ ಸುದ್ದಿ ಯಾರಿಗೂ ಬೇಡ. ಮಕ್ಕಳು ಕಲಬುರಗಿ, ಹೈದರಾಬಾದ್, ಪುಣೆ ಸೇರಿದ ಮೇಲೆ ಒಂದು ದಿನ ಲೈಸೆನ್ಸ್ ನವೀಕರಣದ ಗಡುವು ಬರುತ್ತದೆ. ಆಗ ಮನೆಯಲ್ಲಿ ಮಾತು ಏಳುತ್ತದೆ: ಮಾರಿಬಿಡೋಣ, ಆದರೆ ಎಷ್ಟಕ್ಕೆ?

ಉತ್ತರ ಹೇಳುವವರಿಗೆ ಬರವಿಲ್ಲ. ಪಕ್ಕದೂರಿನ ಸಾವಕಾರರು ಲಕ್ಷಗಳಲ್ಲಿ ಹೇಳುತ್ತಾರೆ. ಡೀಲರು ಕೈಯಲ್ಲಿ ಹಿಡಿದು ನೋಡಿ, ಮುಖ ಸಣ್ಣಗೆ ಮಾಡಿ, ಅದರ ಕಾಲು ಭಾಗ ಹೇಳುತ್ತಾನೆ. ಮೊಬೈಲಿನಲ್ಲಿ ಹುಡುಕಿದ ಮೊಮ್ಮಗ ಅಮೆರಿಕದ ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಇನ್ನೊಂದು ಹೇಳುತ್ತಾನೆ. ಮೂರನ್ನೂ ಸದ್ಯಕ್ಕೆ ಬದಿಗಿಡಿ. ಕಾಗದ ಸರಿ ಇಲ್ಲದ ರೈಫಲಿಗೆ ಬೆಲೆಯೇ ಇಲ್ಲ, ಆದ್ದರಿಂದ ಬೆಲೆ ಕಟ್ಟುವ ಕೆಲಸ ಲೈಸೆನ್ಸ್ ಪುಸ್ತಕದಿಂದ ಶುರುವಾಗಬೇಕು. ನಳಿಗೆ, ಮರ, ಕಂಪನಿ ಹೆಸರು ಎಲ್ಲ ಆಮೇಲೆ.

ಈ ರೈಫಲುಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ನಮ್ಮ ಭಾಗ 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ತನಕ ನಿಜಾಮರ ಕೈಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಈಗಿನ ಆಯುಧ ಕಾಯ್ದೆ 1959ರದ್ದು, ಜಾರಿಯಾದದ್ದು 1962ರ ಅಕ್ಟೋಬರ್‌ನಲ್ಲಿ. ಅದಾದ ಮೇಲೂ ಕೆಲ ವರ್ಷ ಶಿಕಾರಿಗೆ ಅವಕಾಶವಿತ್ತು, ರೈಫಲ್ ಕೊಳ್ಳುವುದಕ್ಕೆ ಅರ್ಥವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಹಂತಹಂತವಾಗಿ ಅಪರಾಧವಾಯಿತು. ನಮ್ಮ ಹೊಲಗಳಲ್ಲಿ ತೊಗರಿ, ಜೋಳ ತಿನ್ನುವ ಕೃಷ್ಣಮೃಗ ಅದರ ಮೊದಲ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲಿಕ್ಕೂ ವನ್ಯಜೀವಿ ಇಲಾಖೆಯ ಅಧಿಕಾರವುಳ್ಳವರ ಲಿಖಿತ ಆದೇಶ ಬೇಕು. ಹೀಗಾಗಿ ಕೊಳ್ಳಲು ಬಂದವನ ಮುಂದೆ ‘ಶಿಕಾರಿಗೆ ಭಾಳ ಛಲೋ ಅದರಿ’ ಎಂದು ಹೊಗಳಿದರೆ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ. ‘ಶಿಕಾರಿಗೇ ಬೇಕು’ ಎಂದು ಅವನೇ ಹೇಳಿದರೆ ಅಂಥವನಿಗೆ ಮಾರಬೇಡಿ.

ಮೊದಲು ಕಾಗದ

ಲೈಸೆನ್ಸ್ ಯಾರ ಹೆಸರಲ್ಲಿದೆ, ಅವರು ಬದುಕಿದ್ದಾರೆಯೇ, ಅವಧಿ ಮುಗಿದಿದೆಯೇ? ಈ ಮೂರು ಪ್ರಶ್ನೆಗಳ ಉತ್ತರದ ಮೇಲೆ ಎಲ್ಲ ನಿಂತಿದೆ.

ಲೈಸೆನ್ಸ್‌ದಾರರು ಬದುಕಿದ್ದು ಅವಧಿಯೂ ಇದ್ದರೆ ನೀವು ಆರಾಮಾಗಿ ಚೌಕಾಸಿ ಮಾಡಬಹುದು. ಅವರು ತೀರಿಕೊಂಡಿದ್ದರೆ ರೈಫಲ್ ಮನೆಯಲ್ಲಿರುವುದೇ ತಪ್ಪು. ಕಾಯ್ದೆಯ 21ನೇ ಕಲಮಿನ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಡಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ‘ಅಪ್ಪಾಜಿ ತೀರಿಕೊಂಡು ವರ್ಷಗಳಾದವು, ಯಾರೂ ಕೇಳಿಲ್ಲ’ ಎನ್ನುವ ಸಮಾಧಾನ ಮಾರಲು ಹೊರಟ ದಿನವೇ ಮುಗಿಯುತ್ತದೆ. ಖರೀದಿದಾರನಿಗೆ ಪುಸ್ತಕ ತೋರಿಸಲೇಬೇಕಲ್ಲ?

ಠೇವಣಿ ಇಟ್ಟ ಮಾತ್ರಕ್ಕೆ ರೈಫಲಿನ ಮೇಲಿನ ಹಕ್ಕು ಹೋಗುವುದಿಲ್ಲ. ಅಲ್ಲಿಂದಲೇ, ಕೊಳ್ಳಲು ಅರ್ಹನಾದವನಿಗೆ ಮಾರಬಹುದು. ಆದರೆ ಗಡುವು ಮೀರಿ ಸುಮ್ಮನೆ ಕುಳಿತರೆ ಜಿಲ್ಲಾ ದಂಡಾಧಿಕಾರಿ ಮುಟ್ಟುಗೋಲಿಗೆ ಆದೇಶ ಮಾಡಬಹುದು. ಠಾಣೆಗಿಂತ ಡೀಲರ್ ಹತ್ತಿರ ಇಡುವುದು ಮೇಲು ಎನ್ನುತ್ತೇನೆ. ಬಾಡಿಗೆ ಕೊಡಬೇಕಾಗುತ್ತದೆ, ನಿಜ. ಆದರೆ ಠಾಣೆಯ ಮಾಲಖಾನೆಯಲ್ಲಿ ಎರಡು ಮಳೆಗಾಲ ಕಳೆದ ರೈಫಲ್ ಹೊರಬರುವಾಗ ಬಣ್ಣ ಬದಲಾಗಿರುತ್ತದೆ, ಎಣ್ಣೆ ಹಚ್ಚುವುದು ಅಲ್ಲಿ ಯಾರ ಕೆಲಸವೂ ಅಲ್ಲ. ಚುನಾವಣೆ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾಗಿ ಬಂದಾಗಲೂ ಅಷ್ಟೆ, ನಳಿಗೆಯೊಳಗೆ ಮತ್ತು ಬೋಲ್ಟಿಗೆ ಎಣ್ಣೆ ಸವರಿ ಕೊಡಿ. ರಸೀದಿಯಲ್ಲಿ ರೈಫಲಿನ ನಂಬರಿನ ಜೊತೆ ‘ಮರ ಒಡೆದಿಲ್ಲ, ಮ್ಯಾಗಜೀನ್ ಇದೆ’ ಎಂದು ಬರೆಸಿಕೊಳ್ಳಿ.

ವಾರಸುದಾರರಲ್ಲಿ ಒಬ್ಬರು ಇಟ್ಟುಕೊಳ್ಳುವುದಾದರೆ ಅದಕ್ಕೂ ದಾರಿಯಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರ ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಆ ಬಂದೂಕು 25 ವರ್ಷ ಅವರ ಬಳಿ ಇದ್ದಾಗಲೂ ಕಾನೂನುಬದ್ಧ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. ಮನೆಯ ಹಿರಿಯರು ಇರುವಾಗಲೇ ಇದನ್ನು ಮುಗಿಸಿದರೆ ಗಡಿಬಿಡಿಯಲ್ಲಿ ಸಿಕ್ಕ ಬೆಲೆಗೆ ಮಾರುವ ಪ್ರಸಂಗ ಬರುವುದಿಲ್ಲ. ಮಾರುವುದೇ ಎಂದಾದರೆ ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಳ್ಳಿ. ರೈಫಲೂ ಆಸ್ತಿಯೇ, ಅದರಲ್ಲಿ ಮಗಳಿಗೂ ಪಾಲಿದೆ. ಹೊಲದ ಪಾಲಿನಲ್ಲಿ ಮುನಿಸಿಕೊಂಡ ಒಬ್ಬ ತಮ್ಮ ಡಿಸಿ ಕಚೇರಿಗೆ ಒಂದು ತಕರಾರು ಅರ್ಜಿ ಕೊಟ್ಟರೂ ವ್ಯವಹಾರ ನಿಂತುಹೋಗುತ್ತದೆ.

ಪುಸ್ತಕದಲ್ಲಿರುವ ನಂಬರನ್ನೂ ರೈಫಲಿನ ಮೇಲೆ ಕೊರೆದ ನಂಬರನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಹಳೆಯ ಪುಸ್ತಕಗಳಲ್ಲಿ ಕೈಬರಹದ 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದುಂಟು. ಅಂಥದ್ದೇನಾದರೂ ಕಂಡರೆ ಮಾರಾಟದ ಮಾತಿಗೆ ಮುಂಚೆಯೇ ಬೀದರ್‌ನ ಡಿಸಿ ಕಚೇರಿಯಲ್ಲಿ ಸರಿಪಡಿಸಿ. ಪುಸ್ತಕದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಎಲ್ಲರೂ ಯುಐಎನ್ ಎನ್ನುವುದು, ಇರಲೇಬೇಕು. ದೇಶದ ಎಲ್ಲ ಲೈಸೆನ್ಸುಗಳೂ ಈಗ ಒಂದೇ ಗಣಕ ವ್ಯವಸ್ಥೆಯಲ್ಲಿವೆ. ಅದರಲ್ಲಿ ಕಾಣದ ರೈಫಲನ್ನು ಬುದ್ಧಿ ಇರುವ ಯಾವ ಖರೀದಿದಾರನೂ ಮುಟ್ಟುವುದಿಲ್ಲ.

ಬೋರಿನ ಕಥೆ

ಒಂದೇ ವಯಸ್ಸಿನ, ಒಂದೇ ಸ್ಥಿತಿಯ ಎರಡು ರೈಫಲುಗಳ ಬೆಲೆಯಲ್ಲಿ ಅಜಗಜಾಂತರ ಇರಬಹುದು. ಕಾರಣ ಬೋರು, ಅಂದರೆ ನಳಿಗೆಯ ಒಳ ಅಳತೆ.

.303 ಆಗಿದ್ದರೆ ಅದು ನಿಷೇಧಿತ ಬೋರು. ಅದನ್ನು ಇಟ್ಟುಕೊಳ್ಳಲು ಕೇಂದ್ರ ಸರಕಾರದ ಮಟ್ಟದ ಅನುಮತಿ ಬೇಕು, ಊರ ಲೈಸೆನ್ಸ್‌ದಾರ ಕೊಳ್ಳಲಾರ. ಅದಕ್ಕೆ ಮಾರುಕಟ್ಟೆ ಬೆಲೆ ಹುಡುಕುವುದನ್ನು ಬಿಟ್ಟು ಡಿಸಿ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು .315, ಕೆಲವರು 8 ಎಂಎಂ ಎನ್ನುತ್ತಾರೆ. ಇದರ ಹುಟ್ಟು ಸ್ವಾರಸ್ಯದ್ದು. ಬ್ರಿಟಿಷರು ತಮ್ಮ ಸೈನ್ಯದ .303 ಗುಂಡು ಭಾರತೀಯರ ಖಾಸಗಿ ಬಂದೂಕಿಗೆ ಹೊಂದಬಾರದೆಂದು, ಆಸ್ಟ್ರಿಯಾದ ಮಾನ್‌ಲಿಕರ್ ಗುಂಡಿನಿಂದ ಬೆಳೆದ ಈ ಅಳತೆಯನ್ನು ಇಲ್ಲಿ ಚಾಲ್ತಿಗೆ ತಂದರು. ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರದ ಸರಕಾರಿ ರೈಫಲ್ ಕಾರ್ಖಾನೆ ಇದೇ ಅಳತೆಯ ಬೋಲ್ಟ್ ರೈಫಲನ್ನು ತಯಾರಿಸಿ ಮಾರಿತು. ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಎಡಬ್ಲ್ಯೂಇಐಎಲ್ ಎಂಬ ಸರಕಾರಿ ಕಂಪನಿಯಡಿ ಇದೆ. ಗುಂಡು ದೇಶದಲ್ಲೇ ತಯಾರಾಗುವುದರಿಂದ .315ಕ್ಕೆ ಗಿರಾಕಿ ಸಿಗುತ್ತಾನೆ. ಬೆಲೆ ಮಾತ್ರ ಆಕಾಶಕ್ಕೆ ಏರುವುದಿಲ್ಲ, ಏಕೆಂದರೆ ಹೊಸದೂ ಸಿಗುತ್ತದೆ.

ವಿದೇಶಿ ರೈಫಲುಗಳ ಲೆಕ್ಕ ಬೇರೆ. ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದಕ್ಕೆ 1980ರ ದಶಕದಿಂದ ನಿರ್ಬಂಧವಿದೆ, ವಿನಾಯಿತಿ ಹೆಚ್ಚಾಗಿ ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ. ಹೀಗಾಗಿ ಅದಕ್ಕೆ ಮೊದಲು ಬಂದ ಮೌಸರ್, ವಿಂಚೆಸ್ಟರ್, ಬ್ರನೋ, ಹಾಲೆಂಡ್ ಅಂಡ್ ಹಾಲೆಂಡ್ ಮುಂತಾದವು ಇಲ್ಲಿ ತಮ್ಮ ತವರಿಗಿಂತ ತುಟ್ಟಿ. ಆದರೆ ಒಂದು ತೊಡಕಿದೆ. ಗುಂಡು ಸಿಗುವ ಬೋರಿಗೇ ಗಿರಾಕಿ ಹೆಚ್ಚು. .30-06 ಇಶಾಪುರದಲ್ಲೂ ತಯಾರಾದ ಅಳತೆ, ಆದ್ದರಿಂದ ಅದಕ್ಕೆ ಮಾನ. .423 ಮೌಸರ್‌ನಂಥ ಹಳೆಯ ದೊಡ್ಡ ಬೇಟೆಯ ಅಳತೆಗಳಿಗೆ ಗುಂಡು ಹುಡುಕುವುದೇ ಒಂದು ಶಿಕಾರಿ. ಅಂಥದ್ದನ್ನು ಕೊಳ್ಳುವವನು ಸಂಗ್ರಹಕಾರ. ಅವನು ಹುಮನಾಬಾದಿನಲ್ಲಿ ಸಿಗುವುದು ಕಷ್ಟ. ಬೆಂಗಳೂರು, ಹೈದರಾಬಾದ್, ಮುಂಬಯಿಯವರೆಗೆ ಡೀಲರ್ ಮೂಲಕ ಸುದ್ದಿ ಮುಟ್ಟಿಸಿ, ತಿಂಗಳುಗಟ್ಟಲೆ ಕಾಯಬೇಕು. .22 ರೈಫಲಿಗೆ ಶೂಟಿಂಗ್ ಕ್ಲಬ್ಬಿನವರು ಇದ್ದಾರೆ, ಅವರು ಕೇಳುವುದು ಅಂದಕ್ಕಿಂತ ಗುರಿಯ ಖಚಿತತೆ.

ಇನ್ನು ವಾಡೆಯ ಗೋಡೆಯ ಮೇಲಿರುವ, ಮುಂದಿನಿಂದ ಮದ್ದು ತುಂಬುವ ಭರ್ಮಾರ್ ಬಂದೂಕುಗಳು. 100 ವರ್ಷ ಮೀರಿದ ಐತಿಹಾಸಿಕ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅದನ್ನು ದೇಶದ ಹೊರಗೆ ಕಳಿಸುವ ಮಾತೇ ಇಲ್ಲ. ‘ಹಳೇದು, ಹೊಡಿಯೂದಿಲ್ಲ, ಲೈಸೆನ್ಸ್ ಬ್ಯಾಡ’ ಎಂದು ನೀವೇ ತೀರ್ಮಾನಿಸಿ ಮಾರಬೇಡಿ.

ಬಳಸದ ಬಂದೂಕು ಹೊಸ ಬಂದೂಕಲ್ಲ

ಮಾರುವವರು ಮೊದಲು ಹೇಳುವ ಮಾತು, ‘ಒಂದು ಗುಂಡೂ ಹಾರಿಸಿಲ್ಲರಿ’. ಗಂಟೆಗಟ್ಟಲೆ ಗುಂಡು ಹಾರಿಸಿ ಪ್ರತಿಸಲ ಒರೆಸಿಟ್ಟ ರೈಫಲ್, ಒಂದೇ ಗುಂಡು ಹಾರಿಸಿ ಒರೆಸದೆ ಇಟ್ಟ ರೈಫಲಿಗಿಂತ ಎಷ್ಟೋ ಚೆನ್ನಾಗಿರುತ್ತದೆ. ಹಳೆಯ ಕಾಡತೂಸುಗಳ ಕೇಪಿನಲ್ಲಿ ಉರಿದ ಮೇಲೆ ಉಪ್ಪಿನಂಥ ಶೇಷ ಉಳಿಸುವ ಮದ್ದು ಇರುತ್ತಿತ್ತು. ಆ ಉಪ್ಪು ಗಾಳಿಯ ತೇವ ಹೀರಿ ನಳಿಗೆಯನ್ನು ಒಳಗಿಂದ ತಿನ್ನುತ್ತದೆ. ಒಂದು ಗುಂಡೂ ಹಾರಿಸದಿದ್ದರೂ ಅಪಾಯ ತಪ್ಪಿದ್ದಲ್ಲ. ಚರ್ಮದ ಚೀಲದಲ್ಲಿ ಇಡುವುದು ಅಂದಕ್ಕೆ ಸರಿ, ಆದರೆ ಚರ್ಮ ತೇವ ಹಿಡಿದಿಟ್ಟು ಕಬ್ಬಿಣಕ್ಕೆ ತುಕ್ಕು ಹಚ್ಚುತ್ತದೆ. ಚೀಲದಿಂದ ತೆಗೆದಾಗ ನಳಿಗೆಯ ಕೆಳಬದಿಯಲ್ಲಿ, ಚೀಲ ಒತ್ತಿದ ಜಾಗದಲ್ಲಿ ಕಂದು ಪಟ್ಟೆ ಇದ್ದರೆ ಕಾರಣ ಅದೇ.

ಖರೀದಿದಾರ ಬಂದರೆ ಏನು ನೋಡುತ್ತಾನೆ ಎನ್ನುವುದನ್ನು ನೀವೇ ಮೊದಲು ನೋಡಿ. ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದೆಳೆದು, ಕೋಣೆಯಲ್ಲಿ ಗುಂಡಿಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಗೊತ್ತಿರುವವನು ‘ಕಾಕಾ, ಬೋಲ್ಟ್ ಪೂರಾ ತೆಗದು ತೋರಸ್ರಿ’ ಎಂದೇ ಕೇಳುತ್ತಾನೆ. ಬೋಲ್ಟ್ ತೆಗೆದು ಹಿಂದಿನಿಂದ ನಳಿಗೆಯನ್ನು ಬಿಳಿ ಗೋಡೆಗೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೀರುಗಳು ಚೂಪಾಗಿ, ಹೊಳೆಯುತ್ತ ಕಾಣಬೇಕು. ಕಪ್ಪು ಚುಕ್ಕೆಗಳಿದ್ದರೆ ಎಣ್ಣೆ ಬಟ್ಟೆ ಎಳೆದು ಮತ್ತೆ ನೋಡಿ. ಹೋದರೆ ಕೊಳೆ, ಹೋಗದಿದ್ದರೆ ತುಕ್ಕು ತಿಂದ ಗುಳಿ. ಬಾಯಿಯ ಅಂಚಿನಲ್ಲಿ ಚೂರು ಏಟು ಬಿದ್ದಿದ್ದರೂ ಗುರಿ ಕೆಡುತ್ತದೆ. ಮರದ ಹಿಡಿಯ ಸಣ್ಣ ಕುತ್ತಿಗೆಯಲ್ಲಿ, ಟ್ರಿಗರಿನ ಹಿಂದೆ ಕೂದಲೆಳೆಯ ಬಿರುಕು ಇದೆಯೇ ಎಂದು ಉಗುರು ಆಡಿಸಿ ನೋಡಿ. ಬೋಲ್ಟಿನ ಮೇಲಿನ ನಂಬರ್ ಮೈಮೇಲಿನ ನಂಬರಿಗೆ ಹೊಂದದಿದ್ದರೆ ಬೋಲ್ಟ್ ಎಲ್ಲೋ ಬದಲಾಗಿದೆ. ಲೈಸೆನ್ಸ್ ಇರುವ ರಿಪೇರಿಗಾರ ಪರೀಕ್ಷಿಸದೆ ಅದನ್ನು ಮಾರುವುದು ಕೊಳ್ಳುವವನ ಮುಖಕ್ಕೇ ಅಪಾಯ.

ಒಂದು ಎಚ್ಚರಿಕೆ, ಜೋರಾಗಿಯೇ ಹೇಳಬೇಕಾದದ್ದು. ಮಾರುವ ಮೊದಲು ಹೊಳಪು ಬರಲೆಂದು ಉಜ್ಜು ಕಾಗದ ಹಿಡಿದು ಕೂರಬೇಡಿ, ಮರಕ್ಕೆ ಫರ್ನಿಚರ್ ಪಾಲಿಶ್ ಬಳಿಯಬೇಡಿ. ಹಳೆಯ ವಿದೇಶಿ ರೈಫಲಿನ ಮೂಲ ನೀಲಿ ಬಣ್ಣ ಅಳಿಸಿದರೆ ಸಂಗ್ರಹಕಾರನ ಲೆಕ್ಕದಲ್ಲಿ ಅದರ ಅರ್ಧ ಮಾನ ಹೋದಂತೆ. ನಂಬರ್ ಕೊರೆದ ಜಾಗ ಸವೆದರಂತೂ ಕಾನೂನಿನ ಕಣ್ಣಿಗೆ ನೀವೇ ಸಂಶಯ ಹುಟ್ಟಿಸಿದಂತೆ. ಮೆತ್ತನೆ ಬಟ್ಟೆ, ಬಂದೂಕಿನ ಎಣ್ಣೆ, ಅಷ್ಟು ಸಾಕು.

ಈಗ ಲೆಕ್ಕ

ಸೆಕೆಂಡ್ ಹ್ಯಾಂಡ್ ರೈಫಲಿನ ಬೆಲೆಗೆ ಒಂದು ಮೇಲ್ಮಿತಿ, ಒಂದು ತಳಮಿತಿ ಇದೆ. ಅದೇ ಮಾದರಿಯ ಹೊಸ ರೈಫಲ್ ತೆರಿಗೆ ಸೇರಿ ಇವತ್ತು ಡೀಲರ್ ಹತ್ತಿರ ಎಷ್ಟಕ್ಕೆ ಸಿಗುತ್ತದೆ ಎನ್ನುವುದು ಮೇಲ್ಮಿತಿ. ಒಬ್ಬ ಡೀಲರ್ ಇವತ್ತೇ ದುಡ್ಡು ಎಣಿಸಿ ಎಷ್ಟು ಕೊಡುತ್ತಾನೆ ಎನ್ನುವುದು ತಳಮಿತಿ. ಎರಡೂ ಅಂಕಿಗಳನ್ನು ಕನಿಷ್ಠ ಇಬ್ಬರು ಡೀಲರ್‌ಗಳಿಂದ ಕೇಳಿ ಬರೆದುಕೊಳ್ಳಿ. ನ್ಯಾಯದ ಬೆಲೆ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಲೆಕ್ಕಕ್ಕೆಂದು ಹೊಸ .315ರ ಬೆಲೆ 1,00,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಜವಾದ ಅಂಕಿ ನೀವು ಕೇಳಿದ ದಿನ ಬೇರೆ ಇರುತ್ತದೆ, ಲೆಕ್ಕದ ರೀತಿ ಇದೇ. ನಳಿಗೆ ಹೊಳೆಯುತ್ತಿದೆ, ಮರ ಗಟ್ಟಿಯಾಗಿದೆ, ನಂಬರುಗಳು ಹೊಂದುತ್ತವೆ, ಕಾಗದ ಚೊಕ್ಕ ಇದೆ ಎಂದರೆ ನಾನು 65ರಿಂದ 75 ಸಾವಿರದ ನಡುವೆ ಮಾತು ಶುರುಮಾಡುತ್ತೇನೆ. ಹೊಸದಕ್ಕೆ ಇದಕ್ಕಿಂತ ಹತ್ತಿರ ಹೋದರೆ ಖರೀದಿದಾರ ಸ್ವಲ್ಪ ಕಾದು ಹೊಸದನ್ನೇ ತರುತ್ತಾನೆ. ನಳಿಗೆಯಲ್ಲಿ ತಿಳಿ ಗುಳಿಗಳಿದ್ದರೆ 15 ಸಾವಿರ ಇಳಿಸಿ, ಆಳವಾಗಿದ್ದರೆ ಅರ್ಧಕ್ಕೆ ಬನ್ನಿ. ಹಿಡಿಯಲ್ಲಿ ಬಿರುಕಿದ್ದರೆ, ಮ್ಯಾಗಜೀನ್ ಕಳೆದಿದ್ದರೆ ರಿಪೇರಿಗಾರ ಹೇಳುವ ಪೂರ್ತಿ ಖರ್ಚನ್ನು ಕಳೆಯಿರಿ. ಅರ್ಧ ನೀವು ಅರ್ಧ ಅವರು ಎನ್ನುವ ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಮೂಲ ಬಿಲ್ಲು ಜೋಪಾನವಾಗಿದ್ದರೆ ಎರಡು ಮೂರು ಸಾವಿರ ಹೆಚ್ಚು ಕೇಳಲು ಧೈರ್ಯ ಬರುತ್ತದೆ. ಇದು ಸರಕಾರದ ಸೂತ್ರವಲ್ಲ, ನನ್ನ ಅಂದಾಜು. ವಿದೇಶಿ ರೈಫಲಿಗೆ ಇದು ಹೊಂದುವುದೂ ಇಲ್ಲ. ಅದಕ್ಕೆ ಹೊಸ ಬೆಲೆ ಎಂಬ ಮೇಲ್ಮಿತಿಯೇ ಇಲ್ಲದ್ದರಿಂದ ಇಬ್ಬರು ಮೂವರು ಡೀಲರ್‌ಗಳು ಇತ್ತೀಚೆಗೆ ಅಂಥದ್ದನ್ನು ಎಷ್ಟಕ್ಕೆ ಮಾರಿದರು ಎನ್ನುವುದೊಂದೇ ಆಧಾರ.

ಡೀಲರ್ ಕಡಿಮೆ ಹೇಳಿದ ಎಂದು ಸಿಟ್ಟಾಗುವವರಿದ್ದಾರೆ. ಅವನ ಕಡೆಯಿಂದಲೂ ನೋಡಬೇಕು. ಕೊಳ್ಳುವವನ ಲೈಸೆನ್ಸಿನಲ್ಲಿ ಆ ಬಗೆಯ ಬಂದೂಕಿಗೆ ಅನುಮತಿ ಇರಬೇಕು, ಖರೀದಿಯ ಅವಧಿ ಮುಗಿದಿರಬಾರದು. ಅಂಥವನು ಬರುವ ತನಕ ಡೀಲರಿನ ದುಡ್ಡು ಕಪಾಟಿನಲ್ಲಿ ಕೂತಿರುತ್ತದೆ. ಕೈಗೆ ದುಡ್ಡು ಬೇಗ ಬೇಡದಿದ್ದರೆ ಮಾರಿದ ಮೇಲೆ ಕಮಿಷನ್ ಕೊಡುವ ಕರಾರಿನ ಮೇಲೆ ಅವನ ಅಂಗಡಿಯಲ್ಲೇ ಇಡಿ. ಒಟ್ಟಾರೆ ಹೆಚ್ಚು ಸಿಗುತ್ತದೆ.

ಗಿರಾಕಿಗಳ ಸಂಖ್ಯೆ ಕುಗ್ಗಿರುವುದಕ್ಕೆ ಕಾನೂನೂ ಕಾರಣ. 2019ರ ಡಿಸೆಂಬರ್ ತಿದ್ದುಪಡಿಯ ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಪಿತ್ರಾರ್ಜಿತವೂ ಆ ಎರಡರಲ್ಲೇ ಸೇರಬೇಕು. ಹೆಚ್ಚಾದ ಮೂರನೆಯದನ್ನು ಒಂದು ವರ್ಷದಲ್ಲಿ ಬಿಟ್ಟುಕೊಡಬೇಕಾಯಿತು. ಎರಡೇ ಜಾಗ ಇರುವಾಗ ಜನ ಆತ್ಮರಕ್ಷಣೆಗೆ ರಿವಾಲ್ವರನ್ನೋ, ಕಾವಲು ಕೆಲಸ ಹಿಡಿಯುವ ಮಾಜಿ ಸೈನಿಕರಾದರೆ 12 ಬೋರನ್ನೋ ಆರಿಸುತ್ತಾರೆ. ಉದ್ದ ರೈಫಲಿಗೆ ಪಾಳಿ ಬರುವುದು ಆಮೇಲೆ. ಅಭಯಾರಣ್ಯದ 10 ಕಿಲೋಮೀಟರ್ ಒಳಗಿನ ನಿವಾಸಿಗೆ ಹೊಸ ಲೈಸೆನ್ಸ್ ಬೇಕೆಂದರೆ ವನ್ಯಜೀವಿ ಇಲಾಖೆಯ ಮುಖ್ಯಸ್ಥರ ಒಪ್ಪಿಗೆಯೂ ಬೇಕು. ಚಿಂಚೋಳಿ ವನ್ಯಜೀವಿ ಧಾಮದ ಅಂಚಿನ ಹಳ್ಳಿಯ ಗಿರಾಕಿ ಬಂದರೆ ಅವನ ಲೈಸೆನ್ಸ್ ಈಗಾಗಲೇ ಕೈಯಲ್ಲಿದೆಯೇ ಎಂದು ಕೇಳಿ. ‘ಅರ್ಜಿ ಹಾಕೀನಿ, ಬರ್ತದ’ ಎನ್ನುವವನ ಮುಂಗಡ ಹಿಡಿದು ವರ್ಷ ಕಾಯಬೇಡಿ.

ಗಡಿ ದಾಟುವ ಮುನ್ನ

ನಮಗೆ ಮಾತ್ರ ಇರುವ ಒಂದು ಪೇಚು ಇದು. ಬಸವಕಲ್ಯಾಣದಿಂದ ಉಮರ್ಗಾ, ಹುಮನಾಬಾದಿನಿಂದ ಜಹೀರಾಬಾದ್ ಹೆದ್ದಾರಿ 65ರ ಮೇಲೆ ಒಂದು ಓಟ. ಸಂತೆಗೆ, ಮದುವೆಗೆ ದಿನಾ ಓಡಾಡುವ ದಾರಿ. ಆದರೆ ರೈಫಲಿಗೆ ಅದು ಬೇರೆ ರಾಜ್ಯ. ಪುಸ್ತಕದಲ್ಲಿ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಹೈದರಾಬಾದ್ ಅಥವಾ ಸೊಲ್ಲಾಪುರದ ಡೀಲರಿಗೆ ತೋರಿಸಲು ಕಾರಿನ ಡಿಕ್ಕಿಯಲ್ಲಿ ಒಯ್ಯುವಂತಿಲ್ಲ, ಮೊದಲು ಅನುಮತಿ ಪಡೆಯಬೇಕು. ಬೆಲೆ ಕೇಳುವ ಹಂತದಲ್ಲಿ ರೈಫಲ್ ಮನೆಯಲ್ಲೇ ಇರಲಿ. ಹಗಲು ಬೆಳಕಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಂಡು ಹೋಗಿ: ಎರಡೂ ಬದಿ, ಕಂಪನಿಯ ಮುದ್ರೆ, ಬೋಲ್ಟ್, ನಳಿಗೆಯ ಬಾಯಿ. ಅದೇ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೋ ಫೇಸ್‌ಬುಕ್ಕಿಗೋ ‘ಮಾರಾಟಕ್ಕಿದೆ’ ಎಂದು ಹಾಕಬೇಡಿ. ಬರುವ ಗಿರಾಕಿಗಿಂತ ಮೊದಲು ಕಳ್ಳನಿಗೆ ವಿಳಾಸ ಸಿಗುತ್ತದೆ.

ಬೆಲೆ ಕುದುರಿತು ಎಂದಾದ ಮೇಲೆ ರೈಫಲ್ ಕೈಬದಲಾಗುವುದಕ್ಕೆ ಇನ್ನೂ ಸಮಯವಿದೆ. ಒಬ್ಬ ಲೈಸೆನ್ಸ್‌ದಾರ ಇನ್ನೊಬ್ಬನಿಗೆ ಮಾರುವಾಗ ಕಾಯ್ದೆಯ 5ನೇ ಕಲಮಿನಂತೆ ಕೊಳ್ಳುವವನ ಹೆಸರು ವಿಳಾಸದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತ ಮಾಹಿತಿ ಕೊಟ್ಟು, 45 ದಿನ ಕಳೆದ ಮೇಲಷ್ಟೇ ಕೊಡಬೇಕು. ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ನಿಮ್ಮ ಹತ್ತಿರ ಇರಲಿ. 5ನೇ ಕಲಮು ಮುರಿದು ಮಾರಿದವರಿಗೆ ಈಗ ಕನಿಷ್ಠ 7 ವರ್ಷ ಶಿಕ್ಷೆ ಇರುವುದರಿಂದ ‘ನಮ್ಮವನೇ, ಒಯ್ಯಲಿ, ಕಾಗದ ಆಮೇಲೆ ಮಾಡೋಣ’ ಎನ್ನುವ ಭಿಡೆಗೆ ಇಲ್ಲಿ ಜಾಗವಿಲ್ಲ. ಕೊಳ್ಳುವವನು ಕಲಬುರಗಿ ನಗರದವನಾದರೆ ಅವನ ಲೈಸೆನ್ಸ್ ವ್ಯವಹಾರ ಪೊಲೀಸ್ ಆಯುಕ್ತರ ಕಚೇರಿಯದು, ಅಲ್ಲಿಂದಲೂ ಖಾತ್ರಿ ಮಾಡಿಕೊಳ್ಳಿ. ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ ಎಂಬ ಮಾತು ಕೇಳಿರಬಹುದು. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, 2029ರವರೆಗೆ. ನಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಈ 45 ದಿನಗಳ ಸಲುವಾಗಿ ಸ್ವಲ್ಪ ಮುಂಗಡ ಪಡೆದು, ರೈಫಲಿನ ನಂಬರ್, ಸ್ಥಿತಿ, ಒಪ್ಪಿದ ಬೆಲೆ, ಅನುಮತಿ ಸಿಗದಿದ್ದರೆ ಮುಂಗಡ ವಾಪಸ್ ಎನ್ನುವ ಕರಾರು ಬರೆದು ಇಬ್ಬರೂ ಸಹಿ ಹಾಕಿ. ಉಳಿದ ಹಣ ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಮೇಲ್ಪಟ್ಟ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೂ ವಿರುದ್ಧ. ರೈಫಲ್ ಕೊಟ್ಟ ದಿನ ಅವನ ಲೈಸೆನ್ಸಿನಲ್ಲಿ ನಂಬರ್ ಏರಿದ್ದನ್ನೂ ನಿಮ್ಮ ಪುಸ್ತಕದಿಂದ ಇಳಿದದ್ದನ್ನೂ ನೋಡಿಕೊಳ್ಳಿ. ಕಪಾಟಿನ ಮೂಲೆಯಲ್ಲಿ ಹಳೆಯ ಕಾಡತೂಸಿನ ಪೆಟ್ಟಿಗೆ ಉಳಿದಿದ್ದರೆ ಅದನ್ನು ರೈಫಲಿನ ಜೊತೆ ಉಡುಗೊರೆಯಾಗಿ ಕೊಡಬೇಡಿ. ಗುಂಡಿನ ಲೆಕ್ಕವೂ ಲೈಸೆನ್ಸಿನದೇ, ಅವನ್ನು ಎಣಿಸಿ, ಬರೆದು, ಠಾಣೆಗೋ ಡೀಲರಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ.